ಜಗಳವಾಡದ ತೇಪೆ

ಏಳು ಸಮುದ್ರದಾಚೆ ಒಂದು ಮರ, ಆ ಮರದ ಪೊಟರೆಯಲ್ಲೊಂದು ಗಿಳಿ, ಗಿಳಿಯ ಕೊರಳಲ್ಲಿ ರಾಕ್ಷಸನ ಜೀವ. ಇಂಥ ಕಥೆ ಕೇಳುತ್ತಾ ತುತ್ತು ನುಂಗಿದವರಿಗೆ ಈ ಮನೆಯ ಸಂಗತಿ ತೀರಾ ಹೊಸದೆನಿಸಲಿಕ್ಕಿಲ್ಲ. ಇಲ್ಲಿ ಸಮುದ್ರವಿಲ್ಲ, ಮೂರನೇ ಮಹಡಿಯಲ್ಲೊಂದು ಪುಟ್ಟ ಮನೆ, ಅದಕ್ಕೊಂದು ನಡುಮನೆ. ಕಿಟಕಿಯ ಬದಿಗೆ ಮಂಚ, ಮಂಚದ ಮೇಲೆ ಅತ್ತೆ. ಮಂಚದ ಕಾಲಿಗೆ ತಾಗಿಕೊಂಡು ಮೊಣಕಾಲೆತ್ತರದ ಬಿಳಿ ಪೆಟ್ಟಿಗೆ. ಕೋಣೆಯ ಗಾಳಿಯನ್ನು ಒಳಗೆಳೆದುಕೊಂಡು, ಸೋಸಿ, ಅದರಲ್ಲಿನ ಆಮ್ಲಜನಕವನ್ನಷ್ಟೇ ದಟ್ಟವಾಗಿಸಿ ಸಣ್ಣ ಕೊಳವೆಯಲ್ಲಿ ಮೂಗಿಗೆ ಬಿಡುವ ಯಂತ್ರ ಅದು. ಎದುರು ಗೋಡೆಗೆ ಒಂದು ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಮುಂದೆ ಸೊಸೆ. ಅತ್ತೆಯ ಉಸಿರು ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯ ಬುದ್ಧಿ ಎಲ್ಲಿತ್ತು ಎಂಬುದು ಮಾತ್ರ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೊಸೆಗೂ ಗೊತ್ತಿರಲಿಲ್ಲ.

ಸೊಸೆಗೆ ತೇಪೆಯಮ್ಮ ಎಂದು ಹೆಸರಿಟ್ಟವರು ಅತ್ತೆಯೇ. ಅತ್ತೆ ತಮ್ಮ ಕಾಲದಲ್ಲಿ ಬಸ್ ಕಂಡಕ್ಟರು. ಊರ ಧೂಳು, ಡೀಸೆಲ್ ಹೊಗೆ ಎಲ್ಲವನ್ನೂ ಸೇವೆಯುದ್ದಕ್ಕೂ ಕುಡಿದು ಕುಡಿದು ಶ್ವಾಸಕೋಶ ಸವೆದುಹೋಗಿತ್ತು, ನಾಲಿಗೆ ಮಾತ್ರ ಒಂದು ಚೂರೂ ಸವೆದಿರಲಿಲ್ಲ. ಮಂಚದ ಮೇಲೆ ಕೂತೇ ಮನೆಯನ್ನು ಬಸ್ಸಿನಂತೆ ಓಡಿಸುತ್ತಿದ್ದರು. ಯಾರಾದರೂ ಬಾಗಿಲಲ್ಲಿ ನಿಂತರೆ "ಒಳಗೆ ಬನ್ನಿ, ಬಾಗಿಲಲ್ಲಿ ನಿಲ್ಲಬೇಡಿ" ಅನ್ನುವರು. ಮಗ ಊಟ ಮುಗಿಸಿ ಕೈತೊಳೆಯದೆ ಎದ್ದರೆ "ಹೋಲ್ಡಾನ್" ಎಂದು ಗದರುವರು. ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರ ನೋಡಿಕೊಳ್ಳುವ ಆ ಮಗರಾಯ, ಮೀಸೆ ನರೆತ ಮೇಲೂ ಆ ಒಂದು ಮಾತಿಗೆ ನಿಂತಲ್ಲೇ ನಿಲ್ಲುವನು.

"ಇವತ್ತು ಹೊಸದೇನಾದ್ರೂ ಮಾಡಿದ್ಯೇನೇ?" ಎಂದು ಅತ್ತೆ ದಿನಾ ಸಂಜೆ ಕೇಳುವರು.

"ಇಲ್ಲ ಅತ್ತೆ. ಹೊಸದೇನೂ ಮಾಡದೆ ಇರೋದೇ ನನ್ನ ಕೆಲಸ."

"ಅದಕ್ಕೂ ಒಬ್ಬರು ಬೇಕಾ? ನನ್ನ ಮಗ ಹುಟ್ಟಿದಾಗಿಂದ ಅದನ್ನೇ ಮಾಡ್ಕೊಂಡು ಬಂದಿದಾನೆ. ಅವನನ್ನ ಯಾರೂ ಹೊಗಳಲಿಲ್ಲ."

ತೇಪೆಯಮ್ಮ ನಗುವಳು. ಅತ್ತೆ ಹಾಸ್ಯಕ್ಕೆ ಆಡಿದರೂ ಅವಳು ಹೇಳಿದ್ದು ನಿಜ. ಬೆಳಗ್ಗೆಯೆಲ್ಲ ಪೀಠೋಪಕರಣದ ಅಂಗಡಿಯೊಂದರ ವೆಬ್‌ಸೈಟು ನೋಡಿಕೊಳ್ಳುವಳು, ಅದು ಹೊಟ್ಟೆಪಾಡು. ಮಧ್ಯಾಹ್ನದ ಮೇಲೆ ಮಾಡುವ ಕೆಲಸಕ್ಕೆ ಯಾರೂ ಅವಳನ್ನು ನೇಮಿಸಿರಲಿಲ್ಲ. ಊರೊಟ್ಟಿನ ಬಾವಿಯಂಥ ತಂತ್ರಾಂಶವೊಂದಿತ್ತು. ಯಾರು ಬೇಕಾದರೂ ಸೇದಿಕೊಳ್ಳಬಹುದು, ಯಾರು ಬೇಕಾದರೂ ಹೂಳೆತ್ತಬಹುದು, ಇಂಥವರದೆಂದು ಹೇಳುವ ಹಾಗಿಲ್ಲ. ಅದರ ಹೆಸರು 'ಕಿವಿ'. ಯಂತ್ರಗಳ ಒಳಗಿರುವ ಸೆನ್ಸರುಗಳು, ಅಂದರೆ ಶಾಖ, ಒತ್ತಡ, ಗಾಳಿ ಇತ್ಯಾದಿಗಳನ್ನು ಅಳೆಯುವ ಸಣ್ಣ ಸಣ್ಣ ಬಿಲ್ಲೆಗಳು, ಹೇಳುವುದನ್ನು ಕೇಳಿಸಿಕೊಂಡು ಯಂತ್ರದ ಮಿದುಳಿಗೆ ಮುಟ್ಟಿಸುವುದು ಅದರ ಕಸುಬು. ಸೆನ್ಸರು ಮೂಕಾದರೆ ಕೂಗಿ ಹೇಳುವುದೂ ಅದೇ.

ಕಿವಿಯ ಹೊಸ ಆವೃತ್ತಿಯನ್ನು ಕಟ್ಟುವ ಹುಡುಗರು ಬೇರೆ ಇದ್ದರು. ಅವರ ಮುಂದಾಳುವನ್ನು ಎಲ್ಲರೂ ತಾತ ಎಂದು ಕರೆಯುತ್ತಿದ್ದರು. ತಾತನಿಗೆ ನಲವತ್ತೂ ತುಂಬಿರಲಿಲ್ಲ, ಗಡ್ಡ ಮಾತ್ರ ತಾತನದು. ಅವರು ದಿನಕ್ಕೊಂದು ಗೋಡೆ ಒಡೆಯುವರು, ದಿನಕ್ಕೊಂದು ಕಿಟಕಿ ಇಡುವರು. ಆದರೆ ಎಂದೋ ಒಂದು ಯಂತ್ರ ಮಾಡಿ, ಮುಚ್ಚಳ ಬಿಗಿದು, ಮಾರಿ ಮುಗಿಸಿದ ಕಂಪನಿಗಳಿಗೆ ಈ ಕುಣಿತ ಬೇಡ. ಅವರು ಹಳೇ ಆವೃತ್ತಿಯೊಂದನ್ನು ಹಿಡಿದುಕೊಂಡು ಅದರಲ್ಲೇ ಇದ್ದುಬಿಡುತ್ತಾರೆ. ಅಂಥ ಹಳೇ ಮನೆಗೆ ಕಸುಬಿನವರು ಸ್ಟೇಬಲ್ ಬ್ರಾಂಚು ಅನ್ನುತ್ತಾರೆ. ಅಲ್ಲಿಗೆ ಹೊಸ ಸೊಗಸು ಬರಕೂಡದು, ಗಾಯಕ್ಕೆ ಮದ್ದು ಮಾತ್ರ ಬರಬೇಕು. ಹೊಸ ಮನೆಯಲ್ಲಿ ಒಂದು ಸೋರಿಕೆ ಕಂಡು ತೇಪೆ ಹಾಕಿದರೆ, ಅದೇ ತೇಪೆಯನ್ನು ಹೊತ್ತುಕೊಂಡು ಹಿಂದಕ್ಕೆ ಬಂದು ಹಳೇ ಮನೆಗೂ ಹಾಕಬೇಕು. ತೇಪೆಯಮ್ಮನ ಕೆಲಸ ಇಷ್ಟೇ. ಇಷ್ಟೇ ಎಂದು ಹೇಳುವುದು ಸುಲಭ. ಎರಡು ಮನೆಯ ಗೋಡೆಗಳೂ ಒಂದೇ ಕಡೆ ಇರುವುದಿಲ್ಲವಲ್ಲ.

ಹಳೇ ಮನೆಯಲ್ಲಿ ಆ ತೇಪೆ ಕೂರದಿದ್ದರೆ ಕಂಪ್ಯೂಟರೇ ತಡೆದು ಹೇಳುತ್ತದೆ, ಇಲ್ಲಿ ಕೋಡಿನ ಸಾಲುಗಳು ಹೊಂದುತ್ತಿಲ್ಲ, ನೀನೇ ನೋಡಿಕೋ ಎಂದು. ಇದನ್ನು ಅವರು ಜಗಳ ಅನ್ನುತ್ತಿದ್ದರು. "ಇವತ್ತು ಎಷ್ಟು ಜಗಳ ಅಕ್ಕಾ?" ಎಂದು ತಾತ ಕೇಳುವನು. ಜಗಳವಾಡಿದ ತೇಪೆಯನ್ನು ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ಓದುತ್ತಾರೆ. ಜಗಳವಾಡದೆ ತಣ್ಣಗೆ ಹೋಗಿ ಕೂತ ತೇಪೆಯನ್ನು ಯಾರೂ ಓದುವುದಿಲ್ಲ, ತಲೆದೂಗಿ ಮುಂದೆ ಹೋಗುತ್ತಾರೆ. ಆ ಕಸುಬಿನಲ್ಲಿ ಎಲ್ಲರೂ ಬೀಳುವ ಹಳ್ಳ ಅದು. ತೇಪೆಯಮ್ಮ ಬಿದ್ದಿರಲಿಲ್ಲ. ಬಾಡಿಗೆ ಮನೆ ಹಿಡಿಯುವ ಮೊದಲು ಅಕ್ಕಪಕ್ಕದವರನ್ನು ವಿಚಾರಿಸುವ ಹಾಗೆ, ಜಗಳವಾಡದ ತೇಪೆಗೂ ಅದರ ಆಚೀಚೆಯನ್ನೆಲ್ಲ ಓದಿ, ಇದನ್ನು ಕರೆಯುವವರು ಯಾರು, ಇದು ನಂಬಿಕೊಂಡಿರುವುದು ಯಾರನ್ನು ಎಂದು ನೋಡಿಯೇ ಒಳಗೆ ಬಿಡುವಳು. ಅದರಿಂದಲೇ ಅವಳ ಬ್ರಾಂಚಿಗೆ ಒಂದು ಹೆಸರು ಬಂದಿತ್ತು. ತೇಪೆಯಮ್ಮ ಬಿಟ್ಟಳೆಂದರೆ ಕಣ್ಣುಮುಚ್ಚಿ ತಗೊಳ್ಳಬಹುದು ಎಂದು ಜನ ಆಡಿಕೊಳ್ಳುತ್ತಿದ್ದರು. ಹೊಗಳಿಕೆಯ ಮಾತೇ ಅದು.

ಒಂದು ದಿನ ಹೀಗಾಯಿತು. ಹಳೇ ಬ್ರಾಂಚು ಬಳಸುವವರು ಯಾರೋ ದೂರು ಬರೆದಿದ್ದರು. ಸೆನ್ಸರು ಅದೇ ಅಂಕೆಯನ್ನು ಎರಡು ಸಲ ಹೇಳಿದರೂ ಸಾಕು, ಕಿವಿ ಕೂಗಿಕೊಳ್ಳುತ್ತದೆ, ಸುಳ್ಳು ಕೂಗು ಕೇಳಿ ಕೇಳಿ ನಮ್ಮ ಗಿರಾಕಿಗಳು ಬೇಸತ್ತಿದ್ದಾರೆ ಎಂದು. ಯಾವ ಯಂತ್ರ, ಎಂಥ ಗಿರಾಕಿ, ಬರೆದಿರಲಿಲ್ಲ. ಬರೆಯುವ ರೂಢಿಯೂ ಇಲ್ಲ. ಹೊಸ ಮನೆಯಲ್ಲಿ ತಾತ ಇದಕ್ಕೆ ಆಗಲೇ ಮದ್ದು ಮಾಡಿದ್ದ. ಹಾಗೆ ಕೂಗಿಸುತ್ತಿದ್ದ ಮೂರು ಸಾಲು ತೆಗೆದುಹಾಕಿ, ಮೇಲೆ 'ಬೇಡದ ಕೂಗನ್ನು ತೆಗೆದಿದೆ' ಎಂದು ಒಂದು ಮಾತು ಬರೆದಿದ್ದ.

ಆ ಮಧ್ಯಾಹ್ನ ಅತ್ತೆಗೆ ಕೆಮ್ಮು ಹತ್ತಿತ್ತು. ಹತ್ತಿದರೆ ಬಿಡುವಂಥದ್ದಲ್ಲ. ತೇಪೆಯಮ್ಮ ಮಂಚಕ್ಕೂ ಮೇಜಿಗೂ ಮಗ್ಗದ ಲಾಳಿಯ ಹಾಗೆ ಓಡಾಡಿದಳು. ಬೆನ್ನು ನೀವಿದಳು, ಬಿಸಿನೀರು ಕೊಟ್ಟಳು, ದಿಂಬು ಏರಿಸಿದಳು. ಪೆಟ್ಟಿಗೆ ಒಂದು ಕಡೆ ಪೀ ಪೀ ಎಂದು ಕೂಗುತ್ತಿತ್ತು, ಅದೂ ಈಚೆಗೆ ಕಾರಣವಿಲ್ಲದೆ ಕೂಗುವುದನ್ನು ಕಲಿತಿತ್ತು. ಮೇಜಿನ ಮೇಲೆ ಹೊರಗೆ ಹೋಗಬೇಕಾದ ತೇಪೆಗಳ ಸಾಲು ಕಾದಿತ್ತು. ಅವುಗಳಲ್ಲಿ ಈ ಮೂರು ಸಾಲಿನದು ಹಳೇ ಮನೆಗೆ ಹೋಗಿ ಪಿಟ್ಟೆನ್ನದೆ ಕೂತಿತು. ಕಂಪ್ಯೂಟರು ತಾನೇ ಮಾಡುವ ಪರೀಕ್ಷೆಗಳೆಲ್ಲ ಹಸಿರು ತೋರಿಸಿದವು. ಅಕ್ಕಪಕ್ಕ ವಿಚಾರಿಸಬೇಕು ಎಂದುಕೊಳ್ಳುವಷ್ಟರಲ್ಲಿ ಅತ್ತೆ, "ಏ ತೇಪೆಯಮ್ಮ, ನಾನು ಸತ್ತ ಮೇಲೆ ಬರ್ತೀಯೇನು?" ಅಂದರು. ಅವಳು ತೇಪೆಯನ್ನು ಹೊರಗೆ ಬಿಡುವ ಗುಂಡಿ ಒತ್ತಿ ಎದ್ದು ಹೋದಳು.

ದಿನಗಳು ಸರಿದವು. ಪೆಟ್ಟಿಗೆಯ ಕೂಗಾಟ ಹೆಚ್ಚಾಯಿತು. ಅತ್ತೆಗೂ ಅದಕ್ಕೂ ದಿನವಿಡೀ ಹಾವು ಮುಂಗುಸಿ. "ಇಷ್ಟು ವರ್ಷ ಎಂತೆಂಥ ಡ್ರೈವರುಗಳನ್ನ ನೋಡಿದೀನಿ. ಹೋಲ್ಡಾನ್ ಅಂದ್ರೂ ಹಾರನ್ ನಿಲ್ಲಿಸದವನು ಇವನೊಬ್ಬನೇ" ಎನ್ನುವರು. ಕಡೆಗೆ ಮಗ ಕಂಪನಿಗೆ ಫೋನು ಮಾಡಿದ. ಚೀಲ ತಗಲಿಸಿಕೊಂಡು ಮೆಷಿನ್ ರಿಪೇರಿಯವನು ಬಂದ. ಚುರುಕಿನ ಹುಡುಗ.

"ಏನಾಯ್ತು ಅಜ್ಜಿ? ತುಂಬಾ ಕಿರುಚ್ತಾ ಇದೆಯಂತೆ."

"ಅಜ್ಜಿ ಯಾರಿಗೋ? ಎಲ್ಲಿ ಹತ್ತಿದೆ ನೀನು, ಟಿಕೆಟ್ ತೋರಿಸು ಮೊದಲು."

ಅವನು ನಗುತ್ತಾ ಪೆಟ್ಟಿಗೆಯ ಹಿಂಬದಿಗೆ ಬೆರಳುದ್ದದ ಕಡ್ಡಿಯೊಂದನ್ನು ಚುಚ್ಚಿದ. ಪರದೆ ಕಪ್ಪಾಗಿ, ಮಿನುಗಿ, ಮತ್ತೆ ಬೆಳಗಿತು. "ಹೊಸ ಸಾಫ್ಟ್‌ವೇರ್ ಬಂದಿದೆ, ಹಾಕಿದೀನಿ. ಇನ್ನು ಇದರ ಬಾಯಿ ಬಂದ್ ಅಜ್ಜಿ, ನಿಮ್ಮ ಬಾಯಿಗೆ ನನ್ನ ಹತ್ರ ಮದ್ದಿಲ್ಲ" ಅಂದ. ಅತ್ತೆಗೆ ಅವನು ತುಂಬ ಹಿಡಿಸಿದ. ಮೇಜಿನ ಮುಂದಿದ್ದ ತೇಪೆಯಮ್ಮ ತಿರುಗಿಯೂ ನೋಡಲಿಲ್ಲ. ಹೊಸ ಜಗಳವೊಂದನ್ನು ಬಿಡಿಸುವುದರಲ್ಲಿ ಮುಳುಗಿದ್ದಳು.

ಅವನು ಹೇಳಿದಂತೆಯೇ ಆಯಿತು. ಪೆಟ್ಟಿಗೆ ಸುಮ್ಮನಾಯಿತು. ಗುರ್ ಎಂಬ ಸಣ್ಣ ಸದ್ದು, ಪರದೆಯ ಮೇಲೆ, ಹೊರಬರುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಎಷ್ಟೆಂದು ಹೇಳುವ ತೊಂಬತ್ತಮೂರು ಎಂಬ ಅಂಕೆ, ಪಕ್ಕದಲ್ಲಿ ಹಸಿರು ದೀಪ. ಮನೆಗೆ ಮನೆಯೇ ನೆಮ್ಮದಿಯಾಯಿತು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಚಿಮಟದಂಥ ಸಾಧನ ಒಂದಿತ್ತು. ಮೊದಲೆಲ್ಲ ಪೆಟ್ಟಿಗೆ ಕೂಗಿದಾಗ ಗಾಬರಿಯಲ್ಲಿ ಅದನ್ನು ಸಿಕ್ಕಿಸಿ ನೋಡುತ್ತಿದ್ದರು. ಕೂಗೇ ಇಲ್ಲವೆಂದ ಮೇಲೆ ಅದು ಡ್ರಾಯರು ಸೇರಿತು.

ಸ್ವಲ್ಪ ದಿನಕ್ಕೆ ಮನೆಯಲ್ಲಿ ಇನ್ನೊಂದು ಬಾಯಿಯೂ ಕಡಿಮೆಯಾಯಿತು.

"ಇವತ್ತು ಅಮ್ಮ ನನಗೆ ಬೈಲೇ ಇಲ್ಲ ಕಣೇ" ಎಂದ ಗಂಡ, ಬೆಳಗ್ಗೆ ಚಪ್ಪಲಿ ಮೆಟ್ಟುತ್ತಾ.

"ಬೈಸ್ಕೊಂಡು ಹೋಗ್ಬೇಕಿತ್ತಾ?"

"ಹಾಗಲ್ಲ. ಊಟದ ಡಬ್ಬಿ ಮರೆತು ಹೊರಟಿದ್ದೆ, ಅಮ್ಮ ನೋಡ್ತಾನೇ ಇದ್ರು. ಹೋಲ್ಡಾನ್ ಅನ್ನಲಿಲ್ಲ."

ವಯಸ್ಸಾಯಿತಲ್ಲ, ಮಾಗಿದ್ದಾರೆ ಎಂದು ಇಬ್ಬರೂ ಅಂದುಕೊಂಡರು. ತೇಪೆಯಮ್ಮನಿಗೆ ಒಳಗೊಳಗೇ ಹಾಯೆನಿಸಿದ್ದೂ ಸುಳ್ಳಲ್ಲ. ನೀರು ಕೊಟ್ಟರೆ ಅತ್ತೆ ಸುಮ್ಮನೆ ಕುಡಿಯುವರು. ಅನ್ನ ಆರಿದ್ದರೂ ಉಣ್ಣುವರು. ಬೆಳಗ್ಗೆ ಎದ್ದರೆ ತಲೆ ಭಾರ ಎಂದು ಮತ್ತೆ ಮಲಗುವರು. ಒಂದು ದಿನ ಮೈ ಒರೆಸುವಾಗ ಅವಳ ಕೈ ಹಿಡಿದುಕೊಂಡು, "ನಿನ್ನ ಕೈ ಎಷ್ಟು ಮೆತ್ತಗಿದೆ ಮಗಳೇ" ಅಂದರು. ಮದುವೆಯಾಗಿ ಬಂದಾಗಿನಿಂದ ಅಂಥದೊಂದು ಮಾತು ಆ ಬಾಯಿಂದ ಬಂದಿರಲಿಲ್ಲ. ತೇಪೆಯಮ್ಮ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು. ಸಂತೋಷಕ್ಕೆ ಅತ್ತದ್ದು ಅದು. ಪೆಟ್ಟಿಗೆ ಗುರ್ ಎನ್ನುತ್ತಿತ್ತು. ಹಸಿರು ದೀಪ ಉರಿಯುತ್ತಿತ್ತು.

ಮರುದಿನವೋ ಅದರ ಮರುದಿನವೋ, ಮಧ್ಯಾಹ್ನದ ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ಅತ್ತೆ ಕಣ್ಣು ಅರ್ಧ ತೆರೆದು ಏನೋ ಗೊಣಗುತ್ತಿದ್ದರು. ತೇಪೆಯಮ್ಮ ಹತ್ತಿರ ಹೋಗಿ ಬಗ್ಗಿದಳು. ಅವರು ಸ್ಟಾಪುಗಳ ಹೆಸರು ಹೇಳುತ್ತಿದ್ದರು, ಎಂದೋ ನಿಂತುಹೋದ ರೂಟಿನವು, ಒಂದರ ಹಿಂದೊಂದು.

"ಅತ್ತೆ, ನೀರು ಬೇಕಾ?"

ಅತ್ತೆ ಅವಳನ್ನು ನೋಡಿದರು. ತುಂಬ ಮರ್ಯಾದೆಯಿಂದ, ಗುರುತಿಲ್ಲದ ಪ್ರಯಾಣಿಕರನ್ನು ಮಾತಾಡಿಸುವ ದನಿಯಲ್ಲಿ, "ಈ ಬಸ್ಸು ಎಲ್ಲಿಗೆ ಹೋಗುತ್ತಮ್ಮಾ? ನಾನು ಇಳಿಯೋ ಜಾಗ ಬಂತು ಅನ್ಸುತ್ತೆ" ಅಂದರು.

ಆಗ ಅವಳು ಅವರ ತುಟಿ ನೋಡಿದಳು. ಬಿಸಿಲಿನ ಬೆಳಕಿನಲ್ಲಿ ಅದು ಹಲಗೆಬಳಪದ ಬೂದು ಬಣ್ಣಕ್ಕಿತ್ತು. ಉಗುರುಗಳೂ ಹಾಗೆಯೇ. ಕಣ್ಣು ತಾನಾಗಿ ಪೆಟ್ಟಿಗೆಯ ಕಡೆ ಹೋಯಿತು. ತೊಂಬತ್ತಮೂರು. ನಿನ್ನೆ ಬೆಳಗ್ಗೆ ಎಷ್ಟಿತ್ತು? ತೊಂಬತ್ತಮೂರು. ಮೊನ್ನೆ ಕಸ ಗುಡಿಸುವಾಗ? ತೊಂಬತ್ತಮೂರು. ವರ್ಷಗಟ್ಟಲೆ ಸೆನ್ಸರುಗಳ ಮಾತು ಓದಿದ ಹೆಂಗಸು ಅವಳು. ಜೀವಂತ ಅಳತೆ ಎಂದೂ ನಿಂತಲ್ಲಿ ನಿಲ್ಲುವುದಿಲ್ಲ, ದೀಪದ ಕುಡಿಯ ಹಾಗೆ ಸ್ವಲ್ಪವಾದರೂ ತೊನೆಯುತ್ತದೆ. ಇದು ಕಲ್ಲಿನಲ್ಲಿ ಕೆತ್ತಿದಂತೆ ನಿಂತಿತ್ತು. ಸತ್ತವರ ಫೋಟೋ ನಗುತ್ತಿರುತ್ತದಲ್ಲ, ಹಾಗೆ.

ಡ್ರಾಯರು ಎಳೆದು ಚಿಮಟ ತೆಗೆದು ಬೆರಳಿಗೆ ಸಿಕ್ಕಿಸಿದಳು. ಅದರಲ್ಲಿ ಬಂದ ಅಂಕೆ ಇರಬೇಕಾದ್ದಕ್ಕಿಂತ ತೀರಾ ಕೆಳಗಿತ್ತು. ಕರೆಂಟು ಹೋದರೆ ಇರಲೆಂದು ಬಾಗಿಲ ಹಿಂದೆ ನಿಲ್ಲಿಸಿದ್ದ ಆಮ್ಲಜನಕದ ಸಿಲಿಂಡರನ್ನು ದರದರ ಎಳೆದು ತಂದು, ಕೊಳವೆ ಬದಲಿಸಿ, ತಿರುಗಣೆ ಬಿಟ್ಟಳು. ಕೆಳಗಿನ ಮಹಡಿಯ ಡಾಕ್ಟರಿಗೆ ಫೋನು ಮಾಡಿದಳು. ಅವರು ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದರು, ನಾಡಿ ಹಿಡಿದರು, ಎದೆಗೆ ಕಿವಿಗೊಳವೆ ಇಟ್ಟರು. ನಾಡಿ ಬಿಡದೆ ಮಂಚದ ಅಂಚಿನಲ್ಲೇ ಕೂತರು. ಬಹಳ ಹೊತ್ತಿನ ಮೇಲೆ ತುಟಿಯ ಬಣ್ಣ ತಿರುಗತೊಡಗಿತು. "ಈ ಮೆಷಿನ್ನು ಎಷ್ಟು ದಿನದಿಂದ ಬರೀ ಫ್ಯಾನ್ ಗಾಳಿ ಬಿಡ್ತಿತ್ತೋ" ಎಂದರು ಡಾಕ್ಟರು. ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿದಾಗ ಅಂಕೆ ಅರವತ್ತರ ಆಸುಪಾಸಿಗೆ ಬಂದು ತೊನೆಯುತ್ತಾ ನಿಂತಿತು. ಅದೇ ನಿಜ. ಒಳಗೆ ಗಾಳಿ ಸೋಸುವ ಹರಳುಮಣ್ಣು ಸವೆದಿತ್ತು, ಸೆನ್ಸರು ನಡುವೆ ಎಲ್ಲೋ ಮೂಕಾಗಿತ್ತು, ಆರಿಸಿ ಹಚ್ಚುವವರೆಗೆ ಪರದೆ ಅದರ ಕಡೆಯ ಮಾತನ್ನೇ ಹಿಡಿದುಕೊಂಡು ಕೂತಿತ್ತು.

ತೇಪೆಯಮ್ಮ ರಿಪೇರಿಯವನಿಗೆ ಫೋನು ಮಾಡಿದಳು.

"ಸೆನ್ಸರು ಮೂಕಾಗಿ ಕೂತಿತ್ತು. ಕೂಗಬೇಕಿತ್ತಲ್ಲ, ಯಾಕೆ ಕೂಗಲಿಲ್ಲ?"

"ಕೂಗುತ್ತೆ ಮೇಡಂ, ಕೂಗಲೇಬೇಕು. ಸುಳ್ಳು ಕೂಗು ಮಾತ್ರ ತೆಗೆದಿದಾರೆ ಹೊಸದರಲ್ಲಿ."

ಸುಳ್ಳು ಕೂಗು ಎಂಬ ಮಾತು ಎಲ್ಲೋ ಕೇಳಿದ್ದು.

"ಯಾರು ತೆಗೆದಿದ್ದು? ನಿಮ್ಮ ಕಂಪನಿಯೋರಾ?"

"ನಮ್ಮೋರಲ್ಲ ಮೇಡಂ. ಒಳಗಡೆ ಅದೇನೋ ಕಿವಿ ಅಂತ ಇದೆಯಂತೆ, ಫ್ರೀ ಸಾಫ್ಟ್‌ವೇರು. ಅದರ ಸ್ಟೇಬಲ್ ಹಾಕ್ಕೊತಾರೆ. ಸ್ಟೇಬಲ್ ಅಂದ್ರೆ ಭಯ ಇಲ್ಲ, ಅದನ್ನ ನೋಡ್ಕೊಳ್ಳೋರು ಯಾರೋ ತುಂಬಾ ಗಟ್ಟಿ ಜನ ಅಂತೆ. ಹಲೋ? ಮೇಡಂ?"

ಅವಳು ಮೇಜಿನ ಮುಂದೆ ಕೂತಳು. ಬೆನ್ನ ಹಿಂದೆ ಸಿಲಿಂಡರಿನ ಸುಸ್ಸೆಂಬ ಸದ್ದು. ಆ ದಿನ ಓದದೆ ಬಿಟ್ಟ ಮೂರು ಸಾಲುಗಳನ್ನು ತೆರೆದಳು. ಈಗ ಅಕ್ಕಪಕ್ಕ ವಿಚಾರಿಸಿದಳು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊಸ ಮನೆಯಲ್ಲಿ ತಾತ ಎರಡು ವರ್ಷದ ಹಿಂದೆ ಒಬ್ಬ ಕಾವಲುಗಾರನನ್ನು ನಿಲ್ಲಿಸಿದ್ದ. ಸೆನ್ಸರು ಬದುಕಿದೆಯೋ ಇಲ್ಲವೋ ಎಂದು ಆಗಾಗ ತಟ್ಟಿ ನೋಡುವುದೊಂದೇ ಅವನ ಕೆಲಸ. ಕಾವಲುಗಾರನಿದ್ದಾನೆ, ಅದೇ ಅಂಕೆ ಮರುಕಳಿಸಿದರೆ ಬೊಗಳುವ ಈ ಮೂರು ಸಾಲಿನ ನಾಯಿ ಯಾಕೆ ಎಂದು ತಾತ ಅದನ್ನು ಅಟ್ಟಿಬಿಟ್ಟ. ಅವನ ಮನೆಗೆ ಅದು ಸರಿ. ತೇಪೆಯಮ್ಮ ಆ ಮಾತನ್ನೇ ಹೊತ್ತುತಂದು ಹಳೇ ಮನೆಯ ನಾಯಿಯನ್ನೂ ಅಟ್ಟಿದಳು. ಹಳೇ ಮನೆಯಲ್ಲಿ ಕಾವಲುಗಾರನೇ ಇರಲಿಲ್ಲ. ಕಾವಲುಗಾರ ಹೊಸ ಸೊಗಸು. ಹೊಸ ಸೊಗಸು ಹಳೇ ಮನೆಗೆ ಬರಕೂಡದು ಎಂದು ಅವನನ್ನು ಅಂದು ತಡೆದವಳೂ ಅವಳೇ.

ತಾತನಿಗೆ ಕರೆ ಮಾಡಿ ಹೇಳಿದಳು. ಅವನು ಆಚೆ ಕಡೆ ಆ ಮೂರು ಸಾಲನ್ನು ತೆರೆದು ನೋಡಿದ. ಆಮೇಲೆ, "ಅಕ್ಕಾ, ಈಗಲೇ ವಾಪಸ್ ತೆಗೆದು ಹೊಸ ಆವೃತ್ತಿ ಬಿಡೋಣ. ಮೇಲೆ 'ಸಣ್ಣ ದುರಸ್ತಿ' ಅಂತ ಬರೆಯೋಣ. ಜನ ಹೆದರ್ಕೊಂಡ್ರೆ ಹಳೇ ಬ್ರಾಂಚನ್ನೇ ಬಿಟ್ಟು ಓಡ್ತಾರೆ" ಅಂದ.

"ಸಣ್ಣ ದುರಸ್ತಿ ಅಂದ್ರೆ ಯಾರು ಹಾಕ್ಕೊತಾರೆ ತಾತ? ಮುಂದಿನ ತಿಂಗಳು ನೋಡೋಣ ಅಂತಾರೆ."

"ನಿನ್ನ ಹೆಸರು ಹೋಗುತ್ತೆ, ನೋಡು."

"ನಮ್ಮತ್ತೆ ನನ್ನ ಗುರುತು ಹಿಡೀಲಿಲ್ಲ ಇವತ್ತು. ಇನ್ನೆಂಥ ಹೆಸರು?"

ಅವಳು ಫೋನು ಇಟ್ಟಳು.

ಅಷ್ಟರಲ್ಲಿ ಗಂಡ ಪ್ರೆಸ್ಸಿನಿಂದ ಓಡಿಬಂದಿದ್ದ. ತಾಯಿಯ ಪಾದ ಹಿಡಿದುಕೊಂಡು ಕೂತಿದ್ದ. ಅತ್ತೆಗೆ ಪೂರಾ ಎಚ್ಚರವಾಗಿತ್ತು. ದನಿ ಸಣ್ಣದಾಗಿತ್ತು, ಕಣ್ಣು ಮಾತ್ರ ಚೆಕಿಂಗಿನ ಕಣ್ಣೇ. "ಕಾಲು ಬಿಡೋ, ಕಚಗುಳಿ ಆಗುತ್ತೆ" ಅಂದರು. ತೇಪೆಯಮ್ಮ ಎದ್ದು ಬಂದು ಮಂಚದ ಪಕ್ಕ ನಿಂತಳು. ಹೇಳದಿರಬಹುದಿತ್ತು. ಆ ಮನೆಯಲ್ಲಿ ಯಾರಿಗೂ ಎಂದಿಗೂ ತಿಳಿಯುತ್ತಿರಲಿಲ್ಲ.

"ಅತ್ತೆ, ಆ ಪೆಟ್ಟಿಗೆಯ ಬಾಯಿ ಮುಚ್ಚಿಸಿದ್ದು ನಾನು."

"ಆ ಹುಡುಗ ಅಲ್ವಾ?"

"ಅವನು ತಂದು ಹಾಕ್ದ. ಹೊಲೆದಿದ್ದು ನಾನು. ಈ ಮೇಜಿನ ಮೇಲೆ. ನಿಮಗೆ ಕೆಮ್ಮು ಬಂದ ದಿನ."

ಗಂಡ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಏನೋ ಅನ್ನಲು ಹೊರಟವನನ್ನು ಅತ್ತೆ ಬೆರಳೆತ್ತಿ ನಿಲ್ಲಿಸಿದರು.

"ನೋಡದೆ ಹಾಕಿದ್ಯಾ?"

"ನೋಡದೆ ಹಾಕ್ದೆ."

"ಹಿಂದಿನ ಬಾಗಿಲು ನೋಡದೆ ರೈಟ್ ಅಂದ ಹಾಗೆ" ಎಂದರು ಅತ್ತೆ. ಬೈದ ಹಾಗಿರಲಿಲ್ಲ. ಲೆಕ್ಕ ಹಾಕುತ್ತಿದ್ದ ಹಾಗಿತ್ತು. ಕೊಳವೆಯಿಂದ ಒಂದು ದೀರ್ಘ ಉಸಿರು ಎಳೆದುಕೊಂಡು ಕೇಳಿದರು. "ಬಸ್ಸಲ್ಲಿ ಇನ್ನೂ ಯಾರ್ಯಾರು ಇದಾರೆ?"

"ಅಂದ್ರೆ?"

"ನಿನ್ನ ತೇಪೆ ನನ್ನೊಬ್ಬಳ ಪೆಟ್ಟಿಗೆಗೆ ಮಾತ್ರ ಹಾಕಿದ್ದೇನೇ?"

"ಇಲ್ಲ ಅತ್ತೆ. ಎಲ್ಲರಿಗೂ."

"ಎಲ್ಲರೂ ಅಂದ್ರೆ ಎಷ್ಟು ಜನ? ಯಾವ ಊರು?"

"ಗೊತ್ತಿಲ್ಲ. ಯಾರು ತಗೊಂಡ್ರು, ಯಾವುದಕ್ಕೆ ಹಾಕ್ಕೊಂಡ್ರು ಅಂತ ನಮಗೆ ಯಾರೂ ಹೇಳಲ್ಲ. ಬಂದು ಸೇದ್ಕೊಂಡು ಹೋಗ್ತಾರೆ."

ಅತ್ತೆ ಅವಳನ್ನೇ ನೋಡಿದರು. "ಟಿಕೆಟ್ ಕೊಡದೆ, ತಲೆ ಎಣಿಸದೆ, ಬಸ್ ತುಂಬ ಹತ್ತಿಸ್ಕೊಂಡು ಹೋಗ್ತೀರಾ?"

"ಅದೇ ನಮ್ಮ ಪದ್ಧತಿ ಅತ್ತೆ. ಅದನ್ನೇ ದೊಡ್ಡದು ಅಂದ್ಕೊಂಡಿದ್ವಿ."

"ದೊಡ್ಡದೇ ಇರಬಹುದು" ಎಂದರು ಅತ್ತೆ. "ಆದ್ರೆ ಬ್ರೇಕು ಹೋದ ದಿನ ಯಾರನ್ನ ಅಂತ ಕೂಗಿ ಇಳಿಸ್ತೀಯ?" ಮೇಜಿನ ಕಡೆ ಬೆರಳು ತೋರಿಸಿ, "ಹೋಗು. ನನ್ನ ಮುಖ ನೋಡ್ತಾ ನಿಂತ್ಕೋಬೇಡ. ಕೂಗೋದಾದ್ರೆ ಜೋರಾಗಿ ಕೂಗು" ಅಂದರು.

ಅವಳು ಹೋಗಿ ಆ ಮೂರು ಸಾಲುಗಳನ್ನು ಹಿಂದಕ್ಕೆ ಹಾಕಿದಳು. ಹಾಕಿದ್ದ ತೇಪೆಯನ್ನು ತೆಗೆಯುವಾಗಲೂ ಕಂಪ್ಯೂಟರು ಜಗಳವಾಡಲಿಲ್ಲ, ತಣ್ಣಗೆ ಒಪ್ಪಿಕೊಂಡಿತು. ಅವಳಿಗೆ ಅದರ ಆ ಒಪ್ಪಿಗೆಯೇ ಹೆದರಿಕೆ ಹುಟ್ಟಿಸಿತು. ಆಚೀಚಿನ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಇಷ್ಟು ವರ್ಷ ತನ್ನದೆಂದುಕೊಂಡಿದ್ದ ಮನೆಯಲ್ಲಿ ಕತ್ತಲೆಯ ಮೂಲೆಗಳು ಇಷ್ಟಿದ್ದವೇ ಎನಿಸಿತು. ಇನ್ನೂ ಎಷ್ಟು ತೇಪೆಗಳು ಹೀಗೆ ತಣ್ಣಗೆ ಹೋಗಿ ಕೂತಿರಬಹುದು? ಅವುಗಳಲ್ಲಿ ಯಾವುದೂ ಇವತ್ತಿನವರೆಗೆ ಒಂದು ಮಾತೂ ಆಡಿರಲಿಲ್ಲ.

ಆಮೇಲೆ ಕಿವಿಯನ್ನು ಬಳಸುವ ಎಲ್ಲರೂ ಓದುವ ಕಡೆ, ಎಲ್ಲಕ್ಕಿಂತ ಮೇಲೆ, ಬರೆದಳು. ಇಂಥ ತೇಪೆಯನ್ನು ನಾನು ಓದದೆ ಹಾಕಿದೆ. ಅದರಿಂದ ಸೆನ್ಸರು ಸತ್ತರೂ ನಿಮ್ಮ ಯಂತ್ರ ಕೂಗುವುದಿಲ್ಲ, ಹಳೇ ಅಂಕೆಯನ್ನೇ ತೋರಿಸುತ್ತಿರುತ್ತದೆ. ಉಸಿರಾಟದ ಯಂತ್ರವೊಂದರಲ್ಲಿ ಹೀಗಾದದ್ದನ್ನು ನಾನೇ ನೋಡಿದ್ದೇನೆ. ನಿಮ್ಮ ಯಂತ್ರ ಸುಮ್ಮನಿದೆ ಎಂದು ನಂಬಬೇಡಿ, ಈಗಲೇ ಎದ್ದು ಹೋಗಿ ನೋಡಿ. ಇಷ್ಟೇ ಬರೆದು ಕೆಳಗೆ ತನ್ನ ಪೂರ್ಣ ಹೆಸರು ಹಾಕಿದಳು. ತಾತ ಅದರ ಕೆಳಗೆ ತನ್ನ ಹೆಸರನ್ನೂ ಸೇರಿಸಿದ. ಸೇರಿಸುತ್ತೇನೆಂದು ಅವನು ಹೇಳಿರಲಿಲ್ಲ.

ಅತ್ತ ಗಂಡ ಪೆಟ್ಟಿಗೆಯ ಕಂಪನಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದ. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಇನ್ನೊಬ್ಬರು ಸಂಗೀತ ಕೇಳಿಸಿದರು. ಕಡೆಗೆ ಸಿಕ್ಕವರು, ಮುಂದಿನ ಸರ್ವೀಸಿನ ಹೊತ್ತಿಗೆ ಎಲ್ಲ ಮೆಷಿನ್ನುಗಳನ್ನೂ ನೋಡುತ್ತೇವೆ ಎಂದರು. "ಮುಂದಿನ ಸರ್ವೀಸು ಯಾವಾಗ?" ಎಂದು ಗಂಡ ಕೇಳಿದ. ಅದು ಒಂದೊಂದು ಮನೆಗೆ ಒಂದೊಂದು ಥರ, ಸಾರ್ ಎಂದರು. ಗಂಡ ಫೋನು ಇಟ್ಟು ಎದುರು ಗೋಡೆ ನೋಡುತ್ತಾ ಕೂತ. ಆ ಊರಿನಲ್ಲೇ ಎಷ್ಟು ಕಿಟಕಿಗಳ ಹಿಂದೆ ಅಂಥ ಬಿಳಿ ಪೆಟ್ಟಿಗೆಗಳು ಗುರ್ ಎನ್ನುತ್ತಿರಬಹುದು, ಹಸಿರು ದೀಪ ಉರಿಸಿಕೊಂಡು, ಯಾರಿಗೂ ತೊಂದರೆ ಕೊಡದೆ.

ಅತ್ತೆ ರಿಪೇರಿಯವನನ್ನು ತಾವೇ ಫೋನಿನಲ್ಲಿ ಹಿಡಿದರು. "ಏ ಅಜ್ಜಿಯ ಮೊಮ್ಮಗನೇ, ನೀನು ಆ ಕಡ್ಡಿ ಎಷ್ಟು ಮನೆಗೆ ಚುಚ್ಚಿದ್ಯೋ?" ಅವನು ಹೇಳಿದ್ದು ಉಳಿದವರಿಗೆ ಕೇಳಲಿಲ್ಲ. ಅತ್ತೆಯ ಮುಖ ನೋಡಿದರೆ ಸಾಕಿತ್ತು. "ಹಾಗಾದ್ರೆ ಗಾಡಿ ಹತ್ತು. ಕಂಪನಿ ಕೇಳಿ ಹತ್ತಬೇಡ, ನಾನು ಹೇಳ್ತಿದೀನಿ, ಹತ್ತು" ಅಂದರು. ಅವನು ಹೊರಟನೆಂದು ಕಾಣುತ್ತದೆ.

ಇತ್ತ ತೇಪೆಯಮ್ಮನ ಪರದೆಯ ಮೇಲೆ ಉತ್ತರಗಳು ಬೀಳತೊಡಗಿದವು. ನೀರಿನ ಟ್ಯಾಂಕು ನೋಡಿಕೊಳ್ಳುವವರು, ಶೀತಲ ಗೋದಾಮಿನವರು, ಲಿಫ್ಟಿನವರು. ಕೆಲವರು ಬೈದರು. ಒಬ್ಬರು, ಓದದೆ ಹಾಕುವವರು ಇಂಥ ಕೆಲಸಕ್ಕೆ ಯಾಕೆ ಕೂರಬೇಕು ಎಂದು ಬರೆದರು. ಹೆಚ್ಚಿನವರು, ಹೇಗೆ ತೆಗೆಯಬೇಕು, ಯಾವ ಆವೃತ್ತಿ ಹಾಕಬೇಕು ಎಂದು ಕೇಳಿದರು. ಅವಳು ಒಬ್ಬೊಬ್ಬರಿಗೂ ಬಿಡಿಸಿ ಬರೆದಳು. ಬೈದವರನ್ನು ಬಿಟ್ಟರೆ ಪ್ರತಿಯೊಬ್ಬರೂ ಕೇಳಿದ್ದು ಮುಂದೇನು ಮಾಡಬೇಕು ಎಂಬುದನ್ನೇ.

ಆಮೇಲೆ ಒಂದು ಬಂತು. ಮೇಲೆ ಒಕ್ಕಣೆಯಿಲ್ಲ, ಕೆಳಗೆ ಹೆಸರಿಲ್ಲ. ಹೇಗೆ ತೆಗೆಯಬೇಕೆಂದು ಕೇಳಿರಲಿಲ್ಲ. ಬೈದಿರಲಿಲ್ಲ. ಒಂದೇ ಸಾಲು: ಆ ತೇಪೆಯನ್ನು ನೀವು ಹೊರಗೆ ಬಿಟ್ಟದ್ದು ಯಾವ ದಿನ?

ತೇಪೆಯಮ್ಮ ಅದನ್ನು ಓದಿದಳು. ಇನ್ನೊಮ್ಮೆ ಓದಿದಳು. ಕೀಲಿಗಳ ಸದ್ದು ನಿಂತಿತು.

"ಏನೇ ಅದು? ಯಾರು?" ಎಂದರು ಅತ್ತೆ ಮಂಚದಿಂದ.

"ಯಾರೋ ಅತ್ತೆ. ಗೊತ್ತಿಲ್ಲ. ಯಾವ ದಿನ ಅಂತ ಕೇಳ್ತಿದಾರೆ."

"ದಿನಾನಾ?"

"ದಿನ ಮಾತ್ರ."

ಸಿಲಿಂಡರು ಸುಸ್ಸೆನ್ನುತ್ತಿತ್ತು. ಗಂಡ ಇಬ್ಬರ ಮುಖವನ್ನೂ ನೋಡಿದ. ಅತ್ತೆ ಕೊಳವೆಯನ್ನು ಮೂಗಿಗೆ ಸರಿಯಾಗಿ ಕೂರಿಸಿಕೊಂಡು, ಕಿಟಕಿಯ ಕಡೆ ಮುಖ ತಿರುಗಿಸಿದರು.

"ಹಾಗಿದ್ರೆ ದಿನ ಹೇಳಿಬಿಡು" ಎಂದರು. "ಅವರ ಮನೇಲಿ ಯಾರೋ ಇಳಿದುಹೋದ ದಿನದ ಪಕ್ಕ ಇಟ್ಟು ನೋಡ್ಕೋತಾರೇನೋ. ಬೇರೇನೂ ಬರೀಬೇಡ. ಅವರು ಬೇರೇನೂ ಕೇಳಿಲ್ಲ."

ತೇಪೆಯಮ್ಮ ದಿನಾಂಕ ಬರೆದಳು. ತಪ್ಪಿರಬಾರದೆಂದು ಎರಡು ಕಡೆ ನೋಡಿಕೊಂಡು ಕಳಿಸಿದಳು. ಕಳಿಸಿದ ಮೇಲೆ ಆ ಸಾಲಿನ ಕೆಳಗಿನ ಖಾಲಿ ಜಾಗವನ್ನೇ ನೋಡುತ್ತಾ ಕೂತಳು. ಬಿಸಿಲು ಮಂಚದಿಂದ ಇಳಿದು, ಮೇಜು ಹತ್ತಿ, ಗೋಡೆಗೆ ಹೋಯಿತು. ಬೇರೆಯವರ ಉತ್ತರಗಳು ಒಂದರ ಮೇಲೊಂದು ಬೀಳುತ್ತಲೇ ಇದ್ದವು. ಆ ಕಡೆಯಿಂದ ಮಾತ್ರ ಮತ್ತೆ ಏನೂ ಬರಲಿಲ್ಲ.